ಹಳೇ ಆಕ್ಟೇವಿಯಾದ ಕ್ಯಾಸೆಟ್ ಸೆಟ್ ತೆಗೆಸಿ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಬಹುದೇ?

ನಿಮ್ಮದು 2006ರ ಸ್ಕೋಡಾ ಆಕ್ಟೇವಿಯಾ ಕಾರು, ಕ್ಯಾಸೆಟ್ ಸೆಟ್ ಚೆನ್ನಾಗಿ ಹಾಡುತ್ತದೆ, ಬ್ಲೂಟೂತ್ ಇಲ್ಲ. ಬೆಂಗಳೂರಿನ ಅಂಗಡಿಯವರು ಹಳೇ ಸೆಟ್ ಎಕ್ಸ್‌ಚೇಂಜಿಗೆ ತೆಗೆದುಕೊಂಡು ಏಳಿಂಚಿನ ಸ್ಕ್ರೀನ್ ಹಾಕಿಕೊಡುತ್ತಾರಂತೆ. ಹಾಕಿಸಲೇ, ಬೇಡವೇ ಎಂದು ಕೇಳಿದ್ದೀರಿ. ನನ್ನದು 2005ರ 1.9 ಟಿಡಿಐ, ಅಂದರೆ ಡೀಸೆಲ್ ಆಕ್ಟೇವಿಯಾ. ಇದೇ ಸೆಟ್, ಇದೇ ಎಕ್ಸ್‌ಚೇಂಜ್ ಮಾತು. ನಾನು ಹಾಕಿಸಿದೆ. ಆಮೇಲೆ ಸ್ಟೀರಿಯೊಗೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡನ್ನು ಎಂಜಿನ್ನಿನ ಕಂಪ್ಯೂಟರಿಗೆ ಸುರಿದೆ. ಸ್ಟೀರಿಯೊಗೂ ಎಂಜಿನ್ ಕಂಪ್ಯೂಟರಿಗೂ ಏನು ಸಂಬಂಧ ಅನ್ನಿಸಬಹುದು. ಅದನ್ನೇ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಿಮ್ಮ ಕಾರಿನಲ್ಲೂ ಆ ಸಂಬಂಧ ಇದೆ.

ಮನೆ ಶಿರಸಿ, ಕೆಲಸ ಹುಬ್ಬಳ್ಳಿ. ಮುಂಡಗೋಡ, ತಡಸದ ಮೇಲೆ ವಾರವಾರ ನೂರು ಕಿಲೋಮೀಟರಿನ ಓಡಾಟ. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗಲೇ ಅದರಲ್ಲಿ ಸಿಂಫನಿ ಎಂದು ಹೆಸರು ಬರೆದ ಅಗಲವಾದ ಕ್ಯಾಸೆಟ್ ಸೆಟ್ ಇತ್ತು. ಅಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳ ಪೆಟ್ಟಿಗೆ ಮನೆಯಲ್ಲಿ ಇತ್ತು, ಆದರೆ ನಾನು ಕೇಳುವುದೆಲ್ಲ ಫೋನಿನಲ್ಲಿತ್ತು. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದೆ. ಹಳೇ ಸೆಟ್ಟಿನ ಮುಖದ ಸೀಳುಗಳಿಗೆ ತೆಳ್ಳನೆಯ ತಗಡಿನ ಕೀಲಿ ತೂರಿಸಿ ಎಳೆದರು. ಜಾಗ ಡಬಲ್ ಡಿನ್, ಅಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಹೊಸ ಸೆಟ್ ಸಲೀಸಾಗಿ ಒಳಗೆ ಹೋಯಿತು. ಹಿಂದಿನ ಪ್ಲಗ್ಗುಗಳು ಐಎಸ್ಒ ಎಂಬ, ಹಲವು ಕಂಪನಿಗಳು ಬಳಸುವ ಒಂದೇ ಅಳತೆಯ ನಮೂನೆಯವು: ಎಂಟು ಪಿನ್ನಿನದೊಂದು ಕರೆಂಟಿಗೆ, ಎಂಟು ಪಿನ್ನಿನದೇ ಇನ್ನೊಂದು ಸ್ಪೀಕರಿಗೆ. ಹೊಸ ಸೆಟ್ಟಿನ ಜೊತೆ ಬಂದ ವೈರಿನ ತುದಿಯಲ್ಲೂ ಅದೇ ಸಾಕೆಟ್. ವೈರ್ ಕತ್ತರಿಸಬೇಡಿ ಎಂದು ಮೊದಲೇ ಹೇಳಿದ್ದೆ, ಅವರು ಒಂದನ್ನೂ ಕತ್ತರಿಸಲಿಲ್ಲ. ಪ್ಲಗ್ 'ಟಕ್' ಎಂದು ಕೂತಿತು. ಹಾಡು ಬಂತು. ಹಳೇ ಸೆಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಕೀಲಿ ಹಾಕಿದರೆ ಹೊಸ ಸೆಟ್ ಎಲ್ಲ ಮರೆತಿತ್ತು. ಗಡಿಯಾರ ತಪ್ಪು, ಹಿಡಿದಿಟ್ಟ ರೇಡಿಯೊ ಸ್ಟೇಷನ್ನುಗಳಿಲ್ಲ, ಫೋನಿನ ಜೋಡಣೆಯೂ ಇಲ್ಲ. ಅಂಗಡಿಗೆ ವಾಪಸ್ ಹೋದೆ. "ಈ ಗಾಡ್ಯಾಗ ಕೆಂಪು ಹಳದಿ ಉಲ್ಟಾ ಇರತಾವ ಸರ" ಎಂದು ಹುಡುಗ ಎರಡು ವೈರುಗಳನ್ನು ಅದಲುಬದಲು ಮಾಡಿದ. ಸೆಟ್ಟಿಗೆ ನೆನಪು ಬಂತು. ನನಗೆ ಖುಷಿಯಾಯಿತು, ಮನೆಗೆ ಬಂದೆ.

ನನ್ನ ತಪ್ಪು ಆ ಖುಷಿಯಲ್ಲಿದೆ.

ಬಿಡಿಸಿ ಹೇಳುತ್ತೇನೆ. ಸೆಟ್ಟಿಗೆ ಎರಡು ಬಗೆಯ ಕರೆಂಟು ಬೇಕು. ಒಂದು ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ಅದು ಹಳದಿ ವೈರ್; ನೆನಪು ಉಳಿಯುವುದು ಅದರಿಂದ. ಇನ್ನೊಂದು ಕೀಲಿ ಹಾಕಿದಾಗ ಮಾತ್ರ ಬರುವುದು, ಅದು ಕೆಂಪು. ಐಎಸ್ಒ ಲೆಕ್ಕದಲ್ಲಿ ನಾಲ್ಕನೇ ಪಿನ್ ಸದಾ ಇರುವುದು, ಏಳನೇ ಪಿನ್ ಕೀಲಿಯದು. ಫೋಕ್ಸ್‌ವ್ಯಾಗನ್ ಬಳಗದ (ಸ್ಕೋಡಾ ಅದರದೇ) ಆ ಕಾಲದ ಕಾರುಗಳಲ್ಲಿ ಈ ಎರಡು ತಿರುವುಮುರುವು. ಪ್ಲಗ್ಗಿನ ಆಕಾರ ಒಂದೇ, ಒಳಗಿನ ವೈರುಗಳ ಕೆಲಸ ಬೇರೆ. ಎರಡು ಪಿನ್ ಬೇರೆ ಎಂದು ಕಣ್ಣೆದುರೇ ಗೊತ್ತಾದ ಮೇಲೆ ಉಳಿದ ಪಿನ್ನುಗಳೂ ಬೇರೆ ಇರಬಹುದಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ವೈರ್ ಕತ್ತರಿಸಿದರೆ ಮಾತ್ರ ಹಾಳು, ಪ್ಲಗ್ ಹಾಗೇ ಕೂತರೆ ಕ್ಷೇಮ ಎಂದು ನಂಬಿದ್ದೆ.

ಬೇರೆಯಾಗಿದ್ದ ಇನ್ನೊಂದು ವೈರ್ ಕೆ-ಲೈನ್. ಕಾರಿನ ಎಂಜಿನ್ ಕಂಪ್ಯೂಟರ್, ಎಬಿಎಸ್, ಏರ್‌ಬ್ಯಾಗ್, ಮೀಟರ್ ಬೋರ್ಡ್ ಇವೆಲ್ಲ ಗ್ಯಾರೇಜಿನವರು ದೋಷ ಓದಲು ಬಳಸುವ ಸ್ಕ್ಯಾನರ್ ಜೊತೆ ಮಾತಾಡುವುದು ಇದೇ ಒಂದು ವೈರಿನ ಮೇಲೆ. ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿನಲ್ಲಿ ಏಳನೇ ಪಿನ್ ಇದರದು. ಕಂಪನಿ ಸೆಟ್ ಕೂಡ ತನ್ನ ದೋಷವನ್ನು ಸ್ಕ್ಯಾನರಿಗೆ ಹೇಳಬಲ್ಲದು, ಹಾಗಾಗಿ ಆ ವೈರಿನ ಒಂದು ಕವಲು ಸ್ಟೀರಿಯೊ ಪ್ಲಗ್ಗಿಗೂ ಬಂದಿರುತ್ತದೆ. ಹೊರಗಿನ ಸೆಟ್ಟಿಗೆ ಇದು ಗೊತ್ತಿಲ್ಲ. ಅದರಲ್ಲಿ ಆ ಪಿನ್ನಿಗೆ ಮತ್ತೇನೋ ಕೆಲಸ. ಊರಿಗೆಲ್ಲ ಒಂದೇ ಬಾವಿ ಇದ್ದು ಒಬ್ಬ ಹಗ್ಗ ಹಿಡಿದು ನಿಂತುಬಿಟ್ಟರೆ ಉಳಿದವರ ಕೊಡ ಇಳಿಯುವುದಿಲ್ಲವಲ್ಲ, ಹಾಗೆ. ಹೊಸ ಸೆಟ್ ಆ ವೈರನ್ನು ಹಿಡಿದು ಕೂತರೆ ಕಾರಿನ ಯಾವ ಕಂಪ್ಯೂಟರೂ ಸ್ಕ್ಯಾನರಿಗೆ ಉತ್ತರ ಕೊಡುವುದಿಲ್ಲ. ಕಾರು ಓಡುತ್ತದೆ, ಹಾಡು ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೇರೇನೋ ಕೆಟ್ಟ ದಿನ.

ನನಗೆ ಆ ದಿನ ಬಂದದ್ದು ಮಳೆಗಾಲದಲ್ಲಿ. ಓಡಿಸುತ್ತಿರುವಾಗಲೇ ಮೀಟರ್ ಬೋರ್ಡಿನ ಸುರುಳಿ ಆಕಾರದ ಗ್ಲೋ ಪ್ಲಗ್ ದೀಪ (ಗ್ಲೋ ಪ್ಲಗ್ ಅಂದರೆ ಸ್ಟಾರ್ಟಿಗೆ ಮೊದಲು ಡೀಸೆಲ್ ಎಂಜಿನ್ನನ್ನು ಬಿಸಿ ಮಾಡುವ ಭಾಗ) ಮಿಣುಕತೊಡಗಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಸಂಪರ್ಕವೇ ಇಲ್ಲ. ಎಂಜಿನ್ ಕಂಪ್ಯೂಟರಿನೊಳಗೆ ಏನೋ ಸುಟ್ಟಿದೆ, ಬದಲಿಸಬೇಕು ಎಂದರು. ಹೊಸದರ ಬೆಲೆ ಕೇಳಿ ಕೈಬಿಟ್ಟು ಗುಜರಿ ಕಾರಿನದೊಂದನ್ನು ಕೊಂಡು ತಂದೆ. ಅದನ್ನು ಹಾಕಿದರೆ ಎಂಜಿನ್ ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ನಿಲ್ಲುತ್ತಿತ್ತು. ಅದು ಇಮೊಬಿಲೈಸರ್: ಮೀಟರ್ ಬೋರ್ಡಿಗೂ ಎಂಜಿನ್ ಕಂಪ್ಯೂಟರಿಗೂ ಪರಿಚಯ ಇಲ್ಲದಿದ್ದರೆ ಕಾರು ಓಡಲು ಬಿಡುವುದಿಲ್ಲ. ಪರಿಚಯ ಮಾಡಿಸಬೇಕಾದದ್ದೂ ಸ್ಕ್ಯಾನರಿನಿಂದಲೇ, ಅದೂ ಅದೇ ಕೆ-ಲೈನ್ ಮೇಲೆ! ಕಾರು ಅಲ್ಲೇ ನಿಂತಿತು. ನಾನು ಬಸ್ಸಿನಲ್ಲಿ ಓಡಾಡಿದೆ.

ಕೊನೆಗೆ ಹಳೇ ಕಂಪ್ಯೂಟರನ್ನೇ ವಾಪಸ್ ಹಾಕಿಸಿ, ಮಿಣುಕುವ ದೀಪದೊಡನೆ ಹುಬ್ಬಳ್ಳಿಯ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಒಯ್ದೆ. ಅವರು ಬಾನೆಟ್ ಎತ್ತಲೇ ಇಲ್ಲ. ಒಳಗೆ ಬಗ್ಗಿ ನೋಡಿ, "ಈ ಟೇಪ್ ಯಾವಾಗ ಹಾಕ್ಸೀರಿ?" ಎಂದರು. ಹೇಳಿದೆ. "ಮೊದ್ಲ ಇದನ್ನ ಹೊರಗ ತಗೀರಿ, ಆಮ್ಯಾಲ ನೋಡೂಣು." ಸೆಟ್ ಎಳೆದು ಪ್ಲಗ್ ಕಿತ್ತರು, ಸ್ಕ್ಯಾನರ್ ಹಾಕಿದರು. ಎಲ್ಲ ಕಂಪ್ಯೂಟರುಗಳೂ ಮಾತಾಡಿದವು. ಇದ್ದ ದೋಷ ಒಂದೇ, ಬ್ರೇಕ್ ಪೆಡಲ್ಲಿನ ಮೇಲಿರುವ ಬ್ರೇಕ್ ಲೈಟ್ ಸ್ವಿಚ್. ಟಿಡಿಐ ಕಾರುಗಳಲ್ಲಿ ಆ ಸ್ವಿಚ್ ಕೆಟ್ಟರೆ ಗ್ಲೋ ದೀಪ ಮಿಣುಕುತ್ತದೆ. ಆ ಕಾರುಗಳ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಕೆಲವು ನೂರು ರೂಪಾಯಿಯ ಭಾಗ. ಗುಜರಿಯಿಂದ ತಂದ ಕಂಪ್ಯೂಟರನ್ನು ವಾಪಸ್ ತೆಗೆದುಕೊಳ್ಳುವವರು ಸಿಗಲಿಲ್ಲ.

ಹಳೇ ಸೆಟ್ಟೂ ಸಿಗಲಿಲ್ಲ, ಅದು ಅಂಗಡಿಯಿಂದ ಎಲ್ಲಿಗೋ ದಾಟಿ ಹೋಗಿತ್ತು. ಇನ್ನೊಂದು ಸಿಂಫನಿ ಹುಡುಕಿ ತಂದು ಹಾಕಿದರೆ ಪರದೆಯಲ್ಲಿ 'ಸೇಫ್' ಎಂಬ ಅಕ್ಷರ. ನಾಲ್ಕಂಕಿಯ ಕೋಡ್ ಕೊಡದೆ ಹಾಡುವುದಿಲ್ಲ, ಆ ಕೋಡ್ ಸೆಟ್ಟಿಗೆ ಸೇರಿದ್ದೇ ಹೊರತು ಕಾರಿಗಲ್ಲ. ಎರಡು ಸಲ ತಪ್ಪಿದರೆ ಒಂದು ಗಂಟೆ ಸೆಟ್ಟನ್ನು ಆನ್ ಇಟ್ಟು ಕಾಯಬೇಕು. ಪುಣ್ಯಕ್ಕೆ ಮಾರಿದವರ ಕಾಗದಪತ್ರಗಳಲ್ಲಿ ಕೋಡ್ ಕಾರ್ಡ್ ಇತ್ತು.

ಈಗ ನಿಮ್ಮ ವಿಷಯ. ಇಟ್ಟುಕೊಳ್ಳಬೇಕೋ ಬದಲಿಸಬೇಕೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಿರುವುದು ಫೋನಿನ ಹಾಡು ಕಾರಿನ ಸ್ಪೀಕರಿನಲ್ಲಿ ಬರುವುದು. ಬರೆದ ಅಷ್ಟೂ ಸಾಲಿನಲ್ಲಿ ನೀವು ಸ್ಕ್ರೀನಿನಿಂದ ಬೇರೇನೂ ಕೇಳಿಲ್ಲ. ಮ್ಯಾಪ್ ಕೂಡ ಫೋನಿನಲ್ಲೇ ನೋಡುತ್ತೇನೆ ಎಂದಿದ್ದೀರಿ. ಅಷ್ಟಕ್ಕೆ ಚೆನ್ನಾಗಿರುವ ಸೆಟ್ ಕೀಳುವ ಅಗತ್ಯ ಕಾಣುವುದಿಲ್ಲ.

ಕ್ಯಾಸೆಟ್ ಅಡಾಪ್ಟರ್ ತನ್ನಿ. ಕ್ಯಾಸೆಟ್ ಆಕಾರದ ಅದನ್ನು ಫೋನಿಗೆ ಜೋಡಿಸಿ ಸೆಟ್ಟಿಗೆ ತೂರಿಸಿದರೆ, ಅದರ ಪುಟ್ಟ ಹೆಡ್ಡು ಟೇಪ್ ಓದುವ ಸೆಟ್ಟಿನ ಹೆಡ್ಡಿಗೆ ತಾಗಿ ನಿಂತು ಹಾಡನ್ನು ಅಯಸ್ಕಾಂತದ ಮೂಲಕ ದಾಟಿಸುತ್ತದೆ. ನಡುವೆ ತಂತಿಯ ಸಂಪರ್ಕ ಇಲ್ಲದ್ದರಿಂದ, ಫೋನ್ ಚಾರ್ಜಿಗೆ ಹಾಕಿದಾಗ ಆಲ್ಟರ್ನೇಟರಿನ ಕೀರಲು ದನಿ ಸ್ಪೀಕರಿಗೆ ನುಗ್ಗುವ ಕಾಟ ಇದರಲ್ಲಿ ಕಡಿಮೆ. ಟೇಪಿನ ಸುಯ್ ಸದ್ದು ಕಡಿಮೆ ಮಾಡುವ ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಹಾಡು ಮಂಕಾಗುತ್ತದೆ. ಆಟೊ ರಿವರ್ಸ್ ಸೆಟ್ ಕೆಲವು ಅಡಾಪ್ಟರುಗಳನ್ನು ಟೇಪ್ ಮುಗಿಯಿತೆಂದು ತಿಳಿದು ಸೈಡ್ ಬದಲಿಸುತ್ತಲೇ ಇರುತ್ತದೆ, ಹಾಗಾಗಿ ಹಿಂತಿರುಗಿಸಲು ಬಿಡುವ ಕಡೆ ಕೊಳ್ಳಿ. ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆಯ ಕಂದು ಪುಡಿ ಬರುತ್ತದೆ, ಆ ಪುಡಿ ಹೋದರೇ ಅರ್ಧ ದನಿ ತೆರೆದುಕೊಳ್ಳುತ್ತದೆ. ನಿಮ್ಮ ಸೆಟ್ಟಿಗೆ ಡಿಕ್ಕಿಯಲ್ಲಿಡುವ ಸಿಡಿ ಚೇಂಜರ್ (ಹಲವು ಸಿಡಿ ಹಾಕುವ ಪೆಟ್ಟಿಗೆ) ಕೂಡುವ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು: ಚೇಂಜರ್ ಇದೆ ಎಂದು ಸೆಟ್ಟನ್ನು ನಂಬಿಸುವ ಪುಟ್ಟ ಡಬ್ಬಿಗಳು ಬರುತ್ತವೆ, ಯುಎಸ್‌ಬಿ ಬ್ಲೂಟೂತ್ ಎರಡೂ ಸಿಗುತ್ತದೆ, ಕಾರಿನ ಒಂದು ವೈರನ್ನೂ ಮುಟ್ಟಬೇಕಿಲ್ಲ. ಎಫ್ಎಂ ಟ್ರಾನ್ಸ್‌ಮಿಟರ್ (ಫೋನಿನ ಹಾಡನ್ನು ರೇಡಿಯೊ ಅಲೆಯಾಗಿ ಸೆಟ್ಟಿಗೆ ಕಳಿಸುವ ಡಬ್ಬಿ) ಮಾತ್ರ ನಿಮಗೆ ಬೇಡ. ಶಿರಸಿ ದಾರಿಯಲ್ಲಿ ಎಫ್ಎಂನ ಖಾಲಿ ಫ್ರೀಕ್ವೆನ್ಸಿ ಹೇರಳ, ಬೆಂಗಳೂರಿನಲ್ಲಾದರೆ 91.1ರಿಂದ 104 ಮೆಗಾಹರ್ಟ್ಸ್‌ವರೆಗೆ ಸ್ಟೇಷನ್ನುಗಳು ಒತ್ತೊತ್ತಾಗಿವೆ, ಒಂದು ಟ್ರಾಫಿಕ್ ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಿಮ್ಮ ಹಾಡಿನ ಮೇಲೆ ಬೇರೆ ಹಾಡು ಬಂದು ಕೂರುತ್ತದೆ.

ಸ್ಕ್ರೀನಿಗೆ ಎತ್ತಿಟ್ಟ ದುಡ್ಡನ್ನು ಮುಂದಿನ ಬಾಗಿಲುಗಳ ಸ್ಪೀಕರಿಗೆ ಹಾಕಿ. ಡಬ್ಬದ ಮೇಲೆ 4×50 ವಾಟ್ ಎಂದು ಬರೆದಿದ್ದರೂ ಡ್ಯಾಶ್‌ಬೋರ್ಡಿನ ಸೆಟ್ ಒಂದೊಂದು ಸ್ಪೀಕರಿಗೆ ಎಡೆಬಿಡದೆ ಕೊಡಬಲ್ಲದ್ದು ಸಾಮಾನ್ಯವಾಗಿ 20 ವಾಟಿನ ಆಸುಪಾಸು. ಹಳೆಯದೂ ಅಷ್ಟೇ, ಹೊಸದೂ ಅಷ್ಟೇ. ಸ್ಪೀಕರಿನ ಕಾಗದ ಹದಿನೈದು ಇಪ್ಪತ್ತು ವರ್ಷದ ಬಿಸಿಲಿಗೂ ತೇವಕ್ಕೂ ಸೊರಗಿರುತ್ತದೆ. ಹೊಸ ಆರೂವರೆ ಇಂಚಿನ ಸ್ಪೀಕರ್ ಆರಿಸುವಾಗ ವಾಟ್ ನೋಡಬೇಡಿ, ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ವಾಟಿಗೆ ಎಷ್ಟು ಗಟ್ಟಿಯಾಗಿ ಹಾಡುತ್ತದೆ ಎಂಬುದು. 88 ಡೆಸಿಬೆಲ್‌ನದಕ್ಕಿಂತ 91 ಡೆಸಿಬೆಲ್‌ನದು ಅರ್ಧದಷ್ಟು ವಾಟಿನಲ್ಲಿ ಅಷ್ಟೇ ಗಟ್ಟಿಯಾಗಿ ಹಾಡುತ್ತದೆ. ಬಾಗಿಲಿನ ತಗಡಿಗೆ ಅದುರು ತಡೆಯುವ ಬ್ಯುಟೈಲ್ ರಬ್ಬರ್ ಶೀಟ್ ಅಂಟಿಸಿ. ಹೀಗೆ ಮಾಡಿಸಿದ ಮೇಲೆ ನನ್ನ ಕಾರಿನಲ್ಲಿ ಮದ್ದಳೆಯ ಪೆಟ್ಟು ಮೊದಲ ಸಲ ಬಿಡಿಬಿಡಿಯಾಗಿ ಕೇಳಿಸಿತು, ಅದೂ ಹಳೇ ಸಿಂಫನಿಯಿಂದಲೇ. ಬಾಗಿಲು ಬಿಚ್ಚಿದವರು ಒಳಗಿನ ಸೀಲನ್ನು ಸರಿಯಾಗಿ ಮತ್ತೆ ಅಂಟಿಸಿದರೇ ಎಂದು ನಿಂತು ನೋಡಿ. ಅದು ಬಿಟ್ಟುಕೊಂಡರೆ ಮಳೆನೀರು ಕಾಲಡಿಯ ಕಾರ್ಪೆಟ್ಟಿಗೆ ಇಳಿಯುತ್ತದೆ.

ರೇಡಿಯೊ ಕೇಳುವವರಾದರೆ ಇನ್ನೂ ಒಂದು ಮಾತು. ಈ ಕಾರಿನ ಆಂಟೆನಾ ಮಾಡಿನ ಹಿಂಭಾಗದಲ್ಲಿದೆ, ಅದರ ಬುಡದಲ್ಲಿ ಒಂದು ಆಂಪ್ಲಿಫೈಯರ್ ಇದೆ. ಅದಕ್ಕೆ ಕರೆಂಟು ಹೋಗುವುದು ಆಂಟೆನಾ ಕೇಬಲ್ಲಿನ ಒಳಗಿನಿಂದಲೇ, ಕಂಪನಿ ಸೆಟ್ ಅದನ್ನು ಕಳಿಸುತ್ತದೆ. ಹೊರಗಿನ ಸೆಟ್ಟಿಗೆ ನೀಲಿ ವೈರ್ ಇರುವ ಬೇರೆ ಅಡಾಪ್ಟರ್ ಬೇಕು. ನನಗೆ ಅದನ್ನು ಹಾಕಿರಲಿಲ್ಲ. ಹಳೇ ಸೆಟ್ಟಿನಲ್ಲಿ ಮನೆಯ ಅಂಗಳದವರೆಗೂ ಕೇಳುತ್ತಿದ್ದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್, ಹೊಸದರಲ್ಲಿ ತಡಸ ದಾಟುವಷ್ಟರಲ್ಲಿ ಬರೀ ಗೊರಗೊರ ಆಗುತ್ತಿತ್ತು.

ಇಷ್ಟೆಲ್ಲ ಓದಿಯೂ ಸ್ಕ್ರೀನೇ ಬೇಕು ಅನ್ನಿಸಿದರೆ ಹಾಕಿಸಿ, ಕಾರು ನಿಮ್ಮದು. ಆದರೆ ಹಳೇ ಸೆಟ್ಟನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಅದಕ್ಕೆ ಅವರು ಕಳೆಯುವ ದುಡ್ಡು ಎಷ್ಟೇ ಇರಲಿ, ಕೋಡ್ ಕಾರ್ಡಿನ ಸಮೇತ ಮನೆಗೆ ತನ್ನಿ. ಫೋಕ್ಸ್‌ವ್ಯಾಗನ್ ಬಳಗದ ಹಳೇ ಕಾರಿಗೆಂದೇ ಮಾಡಿದ, ಕೆ-ಲೈನ್ ಪಿನ್ ಇಲ್ಲದ ಅಡಾಪ್ಟರ್ ವೈರ್ ಕೇಳಿ. ಸಿಗದಿದ್ದರೆ ನಡುವಿನ ಅಡಾಪ್ಟರಿನಲ್ಲಿ ಆ ಪಿನ್ ಕೀಳಿಸಿ, ಕಾರಿನ ಕಡೆಯ ಪ್ಲಗ್ಗಿನಲ್ಲಿ ಅಲ್ಲ. ಕೆಲಸ ಮುಗಿದ ಮೇಲೆ ಹಾಡು ಕೇಳಿ ತಲೆಯಾಡಿಸಿ ಹೊರಡಬೇಡಿ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಅಲ್ಲಿಗೇ ಕರೆಸಿ, ಸೆಟ್ ಆನ್ ಇರುವಾಗಲೇ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ಮೂರನ್ನೂ ಓದಿಸಿ. ಮೂರೂ ಉತ್ತರ ಕೊಟ್ಟ ಮೇಲೆ ಅಂಗಡಿಯವರಿಗೆ ದುಡ್ಡು ಕೊಡಿ.