ನಿನ್ನೆಯ ಲೆಕ್ಕಕ್ಕೆ ನಿನ್ನೆಯ ಕಾನೂನೇ ಸಾಕು

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "ಪೂರ್ವಾನ್ವಯ ತೆರಿಗೆ, ಅಂದರೆ ಹಿಂದಿನ ತಾರೀಖಿನಿಂದ ಜಾರಿಯಾಗುವ ತೆರಿಗೆ, ತಪ್ಪು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸರ್ವೀಸಿನ ಉದ್ದಕ್ಕೂ ನನ್ನ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡರು. ವೊಡಾಫೋನ್‌ನವರು ಕೇಮನ್ ದ್ವೀಪದಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿ ಸಾವಿರಾರು ಕೋಟಿ ತೆರಿಗೆ ತಪ್ಪಿಸಿಕೊಂಡರು. ಸರ್ಕಾರ ಕಾನೂನು ತಿದ್ದಿ ವಸೂಲಿಗೆ ಹೊರಟರೆ ನಿಮಗೆ ಅನ್ಯಾಯ ಕಾಣಿಸುತ್ತದೆ. ಬೇಕರಿಯವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನನಗೂ ಸಂಕಟವಾಯಿತು. ಆದರೆ ದೊಡ್ಡವರ ಪರ ವಕಾಲತ್ತು ನಿಮ್ಮ ಪತ್ರಿಕೆಗೆ ಬೇಕಿತ್ತಾ?"

ಮೇಷ್ಟ್ರೇ, ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಸಿಟ್ಟು ಸುಳ್ಳಲ್ಲ. ಸಂಬಳದವರಿಗೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ, ದುಡ್ಡಿರುವವರಿಗೆ ದಾರಿ ತೋರಿಸುವವರೇ ಬೇರೆ ಇರುತ್ತಾರೆ. ಸುಪ್ರೀಂ ಕೋರ್ಟಿನ 1985ರ ಮೆಕ್‌ಡೊವೆಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇದನ್ನೇ ಖಾರವಾಗಿ ಬರೆದಿದ್ದರು: ಜಾಣರು ತಪ್ಪಿಸಿಕೊಂಡ ತೆರಿಗೆ ಕೊನೆಗೆ ಅಮಾಯಕರ ತಲೆ ಮೇಲೆ ಬೀಳುತ್ತದೆ ಎಂದು. ಒಪ್ಪಿದೆ. ಅಂಥ ದಾರಿಗಳನ್ನು ಮುಚ್ಚಬೇಕು.

ಆದರೆ ಯಾವತ್ತಿನಿಂದ ಮುಚ್ಚಬೇಕು? ನಮ್ಮ ಜಗಳ ಇರುವುದು ಅಲ್ಲಿ. ಇದರಲ್ಲಿ ನಾನು ನಿಮ್ಮ ಜೊತೆ ಒಂದು ಹೆಜ್ಜೆಯೂ ಬರಲಾರೆ.

ಮೊದಲು ನಡೆದದ್ದನ್ನು ನೋಡೋಣ. 2007ರ ಫೆಬ್ರವರಿಯಲ್ಲಿ ವೊಡಾಫೋನ್‌ನ ನೆದರ್‌ಲ್ಯಾಂಡ್ಸ್ ಕಂಪನಿಯು ಹಾಂಗ್‌ಕಾಂಗ್‌ನ ಹಚಿಸನ್ ಸಮೂಹದಿಂದ ಕೇಮನ್ ದ್ವೀಪದ ಸಿಜಿಪಿ ಎಂಬ ಕಂಪನಿಯನ್ನು ಸುಮಾರು 1,100 ಕೋಟಿ ಡಾಲರ್‌ಗೆ ಕೊಂಡಿತು. ಅದರ ಹಿಂದೆ ಇದ್ದದ್ದು ನಮ್ಮ ದೇಶದ ಹಚಿಸನ್ ಎಸ್ಸಾರ್ ಮೊಬೈಲ್ ಕಂಪನಿಯ ದೊಡ್ಡ ಪಾಲು. ಈ ವ್ಯವಹಾರದಲ್ಲಿ ಲಾಭ ಮಾಡಿದ್ದು ಯಾರು? ಮಾರಿದ ಹಚಿಸನ್. ತೆರಿಗೆ ಇಲಾಖೆ ಕೇಳಿದ್ದು ಯಾರನ್ನು? ಕೊಂಡ ವೊಡಾಫೋನನ್ನು. 'ದುಡ್ಡು ಕೊಡುವಾಗ ತೆರಿಗೆ ಹಿಡಿದುಕೊಂಡು ನಮಗೆ ಕಟ್ಟಬೇಕಿತ್ತು, ಕಟ್ಟಿಲ್ಲ' ಎಂಬುದು ಇಲಾಖೆಯ ವಾದ. ಬಾಕಿ ಸುಮಾರು 11,200 ಕೋಟಿ ರೂಪಾಯಿ. ವೊಡಾಫೋನ್ ತನ್ನ ಲಾಭದ ಮೇಲಿನ ತೆರಿಗೆ ತಪ್ಪಿಸಿತು ಎಂಬ ಹಾಗೆ ನೀವು ಬರೆದಿದ್ದೀರಿ. ನೀವೊಬ್ಬರೇ ಅಲ್ಲ, ಟಿವಿಯಲ್ಲಿ ಕೂತು ಮಾತಾಡುವವರೂ ಹಾಗೇ ಹೇಳುತ್ತಾರೆ. ಮಕ್ಕಳಿಗೆ ಪ್ರಶ್ನೆಯನ್ನು ಸರಿಯಾಗಿ ಓದಿ ಎಂದು ಕಲಿಸಿದವರು ನೀವು, ಇಲ್ಲಿ ಸ್ವಲ್ಪ ಆತುರ ಮಾಡಿದಿರಿ.

ಬಾಂಬೆ ಹೈಕೋರ್ಟ್‌ನಲ್ಲಿ ಇಲಾಖೆ ಗೆದ್ದಿತು. 2012ರ ಜನವರಿ 20ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯ ಅವರ ಪೀಠ ಅದನ್ನು ತಳ್ಳಿಹಾಕಿತು. ಇದ್ದ ಕಾನೂನಿನಲ್ಲಿ ಈ ತೆರಿಗೆಗೆ ಜಾಗವೇ ಇಲ್ಲ, ಕಟ್ಟಿಸಿಕೊಂಡ 2,500 ಕೋಟಿಯನ್ನು 4% ಬಡ್ಡಿ ಸೇರಿಸಿ ವಾಪಸ್ ಕೊಡಿ ಎಂದಿತು. ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ 16ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರು ಕಾನೂನನ್ನೇ ತಿದ್ದಿದರು. ತಿದ್ದುಪಡಿ ಯಾವತ್ತಿನಿಂದ ಜಾರಿ? 1962ರ ಏಪ್ರಿಲ್ 1ರಿಂದ. ಐವತ್ತು ವರ್ಷ ಹಿಂದಕ್ಕೆ! ಸುಪ್ರೀಂ ಕೋರ್ಟ್ ಕಾನೂನನ್ನು ಓದಿ ಹೇಳಿದ ಅರ್ಥವನ್ನು, 'ಇಲ್ಲ, ಮೊದಲಿಂದಲೂ ನಮ್ಮ ಮನಸ್ಸಲ್ಲಿ ಇದ್ದದ್ದೇ ಬೇರೆ' ಎಂದು ಅಳಿಸಿದ ಹಾಗಾಯಿತು.

ನಿಮ್ಮ ಊರಿನಲ್ಲೇ ಯೋಚಿಸಿ. 2007ರಲ್ಲಿ ವಿದ್ಯಾನಗರದಲ್ಲಿ ಒಂದು ಸೈಟ್ ತಗೊಂಡಿರಿ. ಪೂರ್ತಿ ದುಡ್ಡು ಕೊಟ್ಟು ರಿಜಿಸ್ಟರ್ ಮಾಡಿಸಿ, ಖಾತೆಯನ್ನೂ ಮಾಡಿಸಿಕೊಂಡಿರಿ. ಮಾರಿದವರು ದುಡ್ಡು ತಗೊಂಡು ಊರು ಬಿಟ್ಟರು. ಐದು ವರ್ಷ ಆದ ಮೇಲೆ ಸರ್ಕಾರ ಬಂದು, 'ಅವತ್ತು ಅವರಿಗೆ ಕೊಟ್ಟ ದುಡ್ಡಿನಲ್ಲಿ ತೆರಿಗೆ ಮುರಿದುಕೊಳ್ಳಬೇಕಿತ್ತು, ಕಾನೂನನ್ನು ಈಗ ಮಾಡಿದ್ದೇವೆ, ಬಡ್ಡಿ ಸಮೇತ ನೀವೇ ಕಟ್ಟಿ' ಎಂದರೆ? ಮಾರಿದವರನ್ನು ಎಲ್ಲಿ ಹುಡುಕುತ್ತೀರಿ? 50 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ಆಸ್ತಿ ಕೊಂಡವರು 1% ಮುರಿದು ಕಟ್ಟಬೇಕು ಎಂಬ ನಿಯಮ ಆಮೇಲೆ ನಿಜಕ್ಕೂ ಬಂತು. ಬಂದದ್ದು 2013ರ ಜೂನ್ 1ರಿಂದ ಮುಂದಕ್ಕೆ. ಜನ ಕಲಿತುಕೊಂಡರು, ಕಟ್ಟುತ್ತಿದ್ದಾರೆ.

ಹೀಗೆ ಮುಂದಕ್ಕೆ ಮಾಡಿದರೆ ಸರ್ಕಾರಕ್ಕೆ ನಷ್ಟ ಆಗಲ್ವಾ ಎಂದು ಕೇಳಬಹುದು. ಅದಕ್ಕೆ ಬೆಂಗಳೂರಿನದೇ ಒಂದು ಕೇಸಿದೆ, ತೆರಿಗೆ ವಕೀಲರಿಗೆಲ್ಲ ಬಾಯಿಪಾಠ. ಶ್ರೀನಿವಾಸ ಶೆಟ್ಟಿ ಪ್ರಕರಣ. ಅಗರಬತ್ತಿ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ 1965ರ ಕೊನೆಗೆ ವಿಸರ್ಜನೆಯಾಯಿತು, ವ್ಯಾಪಾರವನ್ನು ಹೊಸ ಸಂಸ್ಥೆ ವಹಿಸಿಕೊಂಡಿತು. ಅದುವರೆಗೆ ಸಂಪಾದಿಸಿದ ಒಳ್ಳೆಯ ಹೆಸರಿಗೆ, ಅಂದರೆ ಗುಡ್‌ವಿಲ್‌ಗೆ, ಒಂದೂವರೆ ಲಕ್ಷ ರೂಪಾಯಿ ಬೆಲೆ ಕಟ್ಟಿದ್ದರು. ಅದಕ್ಕೆ ಬಂಡವಾಳ ಲಾಭದ ತೆರಿಗೆ ಹಾಕಬಹುದಾ ಎಂಬುದು ಪ್ರಶ್ನೆ. ಊದುಬತ್ತಿಯ ಪರಿಮಳಕ್ಕೆ ಗಿರಾಕಿಗಳು ವರ್ಷಗಟ್ಟಲೆ ಅದೇ ಅಂಗಡಿಗೆ ಬಂದು ಬಂದು ಹುಟ್ಟಿದ ಹೆಸರು ಅದು. ಯಾರೂ ದುಡ್ಡು ಕೊಟ್ಟು ಕೊಂಡದ್ದಲ್ಲ. ಕೊಂಡ ಬೆಲೆಯೇ ಇಲ್ಲದ ಮೇಲೆ ಲಾಭದ ಲೆಕ್ಕ ಹಾಕುವುದು ಹೇಗೆ? 1981ರಲ್ಲಿ ಸುಪ್ರೀಂ ಕೋರ್ಟ್ ತೆರಿಗೆ ಇಲ್ಲ ಎಂದಿತು. ಇಲಾಖೆಗೆ ಅದು ದೊಡ್ಡ ಸೋಲು, ದೇಶದ ಎಲ್ಲ ಅಂಗಡಿ-ಕಂಪನಿಗಳಿಗೂ ಅನ್ವಯಿಸುವ ಸೋಲು. ಆಗ ಸರ್ಕಾರ ಮಾಡಿದ್ದೇನು? 1987ರಲ್ಲಿ ಕಾಯ್ದೆ ತಿದ್ದಿತು, ಕೊಂಡ ಬೆಲೆಯನ್ನು ಸೊನ್ನೆ ಎಂದು ಹಿಡಿಯಿರಿ ಎಂದಿತು, 1988ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಅಗರಬತ್ತಿಯವರ ಮನೆ ಬಾಗಿಲಿಗೆ ಮತ್ತೆ ಹೋಗಲಿಲ್ಲ. ಈ ಕೇಸನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಸೋತ ಸರ್ಕಾರ ಮರ್ಯಾದೆಯಿಂದ ನಡೆದುಕೊಂಡದ್ದಕ್ಕೆ ನಮ್ಮಲ್ಲಿ ಉದಾಹರಣೆಗಳು ತುಂಬಾ ಇಲ್ಲ. ಮಾರಿಷಸ್ ಮೂಲಕ ಬರುವ ಹೂಡಿಕೆದಾರರ ಷೇರು ಲಾಭಕ್ಕೆ ಇಲ್ಲಿ ತೆರಿಗೆ ಬೀಳದಂತೆ ಮಾಡಿದ್ದ ಮಾರಿಷಸ್ ಒಪ್ಪಂದವನ್ನು 2016ರಲ್ಲಿ ತಿದ್ದಿದಾಗಲೂ, ಹೊಸ ತೆರಿಗೆ 2017ರ ಏಪ್ರಿಲ್ 1ರಿಂದ ಮುಂದೆ ಕೊಂಡ ಷೇರುಗಳಿಗೆ ಮಾತ್ರ ಎಂದು ಒಪ್ಪಂದದಲ್ಲೇ ಬರೆದರು.

2012ರಲ್ಲಿ ಹಟಕ್ಕೆ ಬಿದ್ದು ಗಳಿಸಿದ್ದೇನು? ಅದೇ ತಿದ್ದುಪಡಿ ಹಿಡಿದು ಬ್ರಿಟನ್ನಿನ ತೈಲ ಕಂಪನಿ ಕೇರ್ನ್‌ನ 2006ರ ವ್ಯವಹಾರಕ್ಕೆ 10,247 ಕೋಟಿ ಕೇಳಿದರು, ಅದರ ಷೇರುಗಳನ್ನು ಹಿಡಿದು ಮಾರಿದರು. 2020ರಲ್ಲಿ ಎರಡೂ ಪ್ರಕರಣಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಪಂಚಾಯ್ತಿ ಮುಂದೆ ಭಾರತ ಸೋತಿತು. ಕೇರ್ನ್‌ನವರು ಪ್ಯಾರಿಸ್‌ನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳ ಮೇಲೆ ಅಲ್ಲಿನ ಕೋರ್ಟಿನಿಂದ ತಡೆ ತಂದರು, ಆಗ ಸರ್ಕಾರದ್ದೇ ಆಗಿದ್ದ ಏರ್ ಇಂಡಿಯಾ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹಾಕಿದರು. ಕೊನೆಗೆ 2021ರ ಆಗಸ್ಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಕಾಯ್ದೆ ತಂದು ಆ ಹಳೆಯ ಬೇಡಿಕೆಗಳನ್ನೆಲ್ಲ ಕೈಬಿಟ್ಟರು. ಒಟ್ಟು 17 ಪ್ರಕರಣ. ವಸೂಲಿ ಮಾಡಿದ್ದ ಸುಮಾರು 8,100 ಕೋಟಿಯನ್ನು ಬಡ್ಡಿ ಇಲ್ಲದೆ ವಾಪಸ್ ಕೊಡುವುದಾಗಿ ಒಪ್ಪಿಕೊಂಡರು. ವಕೀಲರಿಗೆ ಸುರಿದ ಫೀಸು, ಒಂಬತ್ತು ವರ್ಷದ ಮುಜುಗರ, ಎಲ್ಲ ನಿಮ್ಮ ಸಂಬಳದಿಂದ ಮುರಿದ ತೆರಿಗೆಯಿಂದಲೇ ಹೋಯಿತಲ್ಲ ಮೇಷ್ಟ್ರೇ. ಅದಕ್ಕೆ ಸಿಟ್ಟು ಬರಲಿ.

ಇನ್ನು ಬೇಕರಿ. ನಮ್ಮ ಆಫೀಸಿನ ಕೆಳಗೇ ಒಂದು ಅಯ್ಯಂಗಾರ್ ಬೇಕರಿ ಇದೆ. 2025ರ ಜುಲೈನಲ್ಲಿ, ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ ಜಿಎಸ್‌ಟಿ ನೋಟಿಸ್‌ಗಳ ಸುದ್ದಿ ಹಬ್ಬಿದಾಗ ಅವರು ಕೌಂಟರ್ ಮೇಲಿನ ಕ್ಯೂಆರ್ ಕೋಡಿಗೆ ಕೇಕ್ ಡಬ್ಬದ ರಟ್ಟು ಹರಿದು ಟೇಪ್ ಅಂಟಿಸಿದ್ದರು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಕ್ಯಾಶ್ ಮಾತ್ರ' ಎಂದು ಬರೆದಿತ್ತು. ಅವರಿಗೆ ನೋಟಿಸ್ ಬಂದಿರಲೇ ಇಲ್ಲ, ಭಯ ಬಂದಿತ್ತು. ಹಾವೇರಿಯಲ್ಲಿ ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೆ 29 ಲಕ್ಷದ ನೋಟಿಸ್ ಹೋಗಿತ್ತು. ಅಲ್ಲಿ ಕಾನೂನು ಹೊಸದಲ್ಲ, ನಿಜ. ವರ್ಷಕ್ಕೆ 40 ಲಕ್ಷ ವಹಿವಾಟು ಮೀರಿದರೆ ನೋಂದಣಿ ಮಾಡಿಸಬೇಕು ಎಂಬುದು ಮೊದಲೇ ಇತ್ತು. ಆದರೆ ನಾಲ್ಕು ವರ್ಷ ಸುಮ್ನಿದ್ದು ಒಂದೇ ಸಲ ಯುಪಿಐ ಲೆಕ್ಕ ತೆಗೆದದ್ದಕ್ಕೇ ನಿಮಗೆ ಸಂಕಟವಾಯಿತು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ಕೇಳುವುದಿಲ್ಲ ಎಂದರು. ಹಾಗಾದರೆ ಕಾನೂನೇ ಇಲ್ಲದಿದ್ದಾಗ ನಡೆದ ವ್ಯವಹಾರಕ್ಕೆ ಬಾಕಿ ಕೇಳಿದರೆ ಇನ್ನೆಷ್ಟು ಸಂಕಟವಾಗಬೇಕು? ವೊಡಾಫೋನ್ ಮೇಲೆ ಪ್ರೀತಿ ಇಟ್ಟುಕೊಂಡು ನಾನು ಇದನ್ನು ಬರೆಯುತ್ತಿಲ್ಲ. ದೊಡ್ಡವರ ಮೇಲೆ ಬಳಸಲು ಕೊಟ್ಟ ಅಧಿಕಾರ ದೊಡ್ಡವರ ಹತ್ತಿರವೇ ನಿಲ್ಲುವುದಿಲ್ಲ. ದೊಡ್ಡವರು ಹೇಗ್‌ಗೆ ಹೋದರು, ಗೆದ್ದರು. ಹಾವೇರಿಯ ತರಕಾರಿ ಅಂಗಡಿಯವರು ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ತೆರಿಗೆ ತಪ್ಪಿಸುವವರ ಬಗ್ಗೆ ನಾವು ಸಿಟ್ಟಾಗುತ್ತೇವೆ. ಮಾರ್ಚ್ ತಿಂಗಳು ಬಂದರೆ ನಾವೇ ಎಲ್ಐಸಿ ಏಜೆಂಟರನ್ನು ಹುಡುಕುತ್ತೇವೆ, ಸ್ವಂತ ಅಪ್ಪನಿಗೆ ಬಾಡಿಗೆ ಕೊಟ್ಟು ರಸೀದಿ ಬರೆಸುತ್ತೇವೆ. ಕಾನೂನು ಬಿಟ್ಟ ಜಾಗದಲ್ಲಿ ನಡೆದರೆ ಅದರಲ್ಲಿ ತಪ್ಪಿಲ್ಲ. ಆದರೆ ಸೈಟನ್ನು ಮಾರ್ಗಸೂಚಿ ದರಕ್ಕೆ ರಿಜಿಸ್ಟರ್ ಮಾಡಿಸಿ ಮಿಕ್ಕಿದ್ದನ್ನು ಚೀಲದಲ್ಲಿ ಕೊಡುವುದು ಕಳ್ಳತನವೇ. ಅದಕ್ಕೆ ಹಳೆಯ ಕಾನೂನುಗಳೇ ಬೇಕಾದಷ್ಟಿವೆ, ಹಿಡಿಯುವವರು ಬೇಕು. ಹಿಡಿಯಲಾಗದ ಸರ್ಕಾರ ಹಿಂದಿನ ತಾರೀಖು ಹಾಕಿ ಕಾನೂನು ಬರೆಯುತ್ತದೆ.

ಹಿಂದಿನ ತಾರೀಖು ಹಾಕುವ ಅಭ್ಯಾಸ ತೆರಿಗೆಗೇ ನಿಂತಿಲ್ಲ, ಅದೇ ನನ್ನ ದೊಡ್ಡ ಸಂಕಟ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಲಂಡನ್ ಮೂಲದ ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ವಿದೇಶಿ ದೇಣಿಗೆ ಕಾಯ್ದೆ ಮುರಿದಿವೆ ಎಂದಿತು. ಬಜೆಟ್ ಜೊತೆ ಬಂದ 2016ರ ಹಣಕಾಸು ಕಾಯ್ದೆಯಲ್ಲಿ ಯಾವುದು ವಿದೇಶಿ ಕಂಪನಿ ಎಂಬ ನಿಯಮವನ್ನೇ ಸಡಿಲ ಮಾಡಿದರು, 2010ರಿಂದ ಜಾರಿಗೆ ಬರುವ ಹಾಗೆ. ದೇಣಿಗೆಗಳು ಅದಕ್ಕೂ ಹಳೆಯವು. ಹಾಗಾಗಿ 2018ರಲ್ಲಿ ಮತ್ತೆ ತಿದ್ದಿ ತಾರೀಖನ್ನು 1976ರ ಆಗಸ್ಟ್ 5ಕ್ಕೆ ಒಯ್ದರು. ಆ ವರ್ಷದ ಹಣಕಾಸು ಮಸೂದೆ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ವೊಡಾಫೋನ್‌ಗೆ ಐವತ್ತು ವರ್ಷ ಹಿಂದಿನಿಂದ ತೆರಿಗೆ, ಪಕ್ಷಗಳಿಗೆ ನಲವತ್ತೆರಡು ವರ್ಷ ಹಿಂದಿನಿಂದ ಮಾಫಿ. ಮೊದಲನೆಯದಕ್ಕೆ ನೀವು ಚಪ್ಪಾಳೆ ತಟ್ಟಿದರೆ ಎರಡನೆಯದನ್ನು ಯಾವ ಬಾಯಿಂದ ಬೇಡ ಅನ್ನುತ್ತೀರಿ?

ನಿಮ್ಮ ಎಂಪಿ ಮುಂದಿನ ಸಲ ಊರಿಗೆ ಬಂದಾಗ, ಹಣಕಾಸು ಮಸೂದೆಗೆ ಮತ ಹಾಕುವ ಮೊದಲು ಅದನ್ನು ಓದುತ್ತೀರಾ ಎಂದು ಕೇಳಿ. ಅದರಲ್ಲಿ ಹಿಂದಿನ ತಾರೀಖಿನಿಂದ ಜಾರಿಯಾಗುವ ಕಲಂ ಎಷ್ಟಿವೆ ಎಂದೂ ಕೇಳಿ. ಅವರು ಏನಂದರು ಎಂದು ನಮಗೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ