‘ಬಾಲ್ ಕೊಟ್ಟ ಮೇಲೆ ನಾನೇನು ಮಾಡ್ಬೇಕು ಮೇಡಂ?’

ಹಾಕಿ ಹಾಸ್ಟೆಲಿನ ಮಕ್ಕಳ ಜೊತೆ ಆಪ್ತಸಲಹೆಯ ಕೆಲಸ ಶುರು ಮಾಡಿ ಹನ್ನೊಂದು ವರ್ಷವಾಯಿತು. ಹೊಸ ಮಕ್ಕಳು ಬಂದು ಸೇರಿದ ಎರಡು ಮೂರು ತಿಂಗಳಿಗೆ ಪ್ರತಿ ವರ್ಷ ಒಂದೇ ಥರದ ದೂರು ನನ್ನ ಹತ್ತಿರ ಬರುತ್ತದೆ. ‘ಮಗುವಿಗೆ ಆಟ ಚೆನ್ನಾಗಿದೆ, ಆದರೆ ಸ್ವಾರ್ಥ ಜಾಸ್ತಿ. ಬಾಲ್ ಬಿಡೋದೇ ಇಲ್ಲ. ಸ್ವಲ್ಪ ಮಾತಾಡಿಸಿ.’ ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಇನ್ನೊಂದು ಕಾರಣವೂ ಇದೆ. ಈ ಹುಡುಗಿಯ ವಿಷಯದಲ್ಲಿ ನಾನೇ ಎರಡು ವಾರ ದಾರಿ ತಪ್ಪಿದ್ದೆ.

ಅವಳನ್ನು ಇಲ್ಲಿ ದೇಚು ಅಂತ ಕರೆಯುತ್ತೇನೆ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ. ವಯಸ್ಸು 15. ಕೊಡಗಿನ ಹುಡುಗಿ, ಫಾರ್ವರ್ಡ್, ಅಂದರೆ ಗೋಲ್ ಹೊಡೆಯಲು ಮುಂದೆ ಆಡುವವಳು. ಸ್ಟಿಕ್ ಹಿಡಿದದ್ದು ಮನೆಯ ಅಂಗಳದಲ್ಲಿ, ಅಜ್ಜನ ಜೊತೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯನ್ನು ನೀವು ನೋಡಿದ್ದರೆ ದೇಚುವಿನ ಆಟ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅಲ್ಲಿ ಒಂದೇ ತಂಡದಲ್ಲಿ ಅಪ್ಪ, ಚಿಕ್ಕಪ್ಪ, ಅತ್ತಿಗೆ, ಶಾಲೆಗೆ ಹೋಗುವ ಮಗು ಎಲ್ಲರೂ ಆಡಬಹುದು. ಹನ್ನೆರಡರ ವಯಸ್ಸಿಗೇ ಅವಳು ದೊಡ್ಡವರನ್ನು ದಾಟಿಕೊಂಡು ಹೋಗುವುದನ್ನು ಕಲಿತಿದ್ದಳು. ಅವಳು ಬಾಲ್ ಹಿಡಿದರೆ ಮೈದಾನದ ಸುತ್ತ ಕೂತವರು ಎದ್ದು ನಿಲ್ಲುತ್ತಿದ್ದರಂತೆ.

ಹಾಸ್ಟೆಲಿಗೆ ಬಂದ ಮೇಲೆ ಆಡಬೇಕಾದದ್ದು ನೀರು ಹಾಕಿದ ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸಿನ ಮೇಲೆ. ಹುಲ್ಲಿನ ಮೈದಾನದಲ್ಲಿ ಬಾಲ್ ಎಲ್ಲಿ ಪುಟಿಯುತ್ತದೋ ಗೊತ್ತಾಗಲ್ಲ. ಅದಕ್ಕೇ ಅಲ್ಲಿ ಕಲಿತ ಮಕ್ಕಳು ತಲೆ ಬಗ್ಗಿಸಿ ಬಾಲನ್ನೇ ನೋಡುತ್ತಾ ಓಡುತ್ತಾರೆ. ಟರ್ಫ್ ಮೇಲೆ ಬಾಲ್ ನೇರವಾಗಿ, ಜೋರಾಗಿ ಬರುತ್ತದೆ. ತಲೆ ಎತ್ತುವಷ್ಟರಲ್ಲಿ ಇಬ್ಬರು ಡಿಫೆಂಡರ್‌ಗಳು ಮುಂದೆ ನಿಂತಿರುತ್ತಾರೆ. ದೇಚು ಒಬ್ಬಳನ್ನು ದಾಟುತ್ತಿದ್ದಳು, ಎರಡನೆಯವಳಿಗೆ ಬಾಲ್ ಕಳೆದುಕೊಳ್ಳುತ್ತಿದ್ದಳು. ಕೋಚ್ ಬೈಯುತ್ತಿದ್ದರು. ಕೊನೆಗೆ ಒಂದು ದಿನ ಎಲ್ಲರ ಮುಂದೆ ‘ಸ್ವಾರ್ಥಿ’ ಅಂದರು. ಅವಳು ಊಟ ಬಿಟ್ಟಳು. ವಾರ್ಡನ್ ನನ್ನ ಹತ್ತಿರ ಕಳಿಸಿದರು.

ಮೊದಲ ಎರಡು ಭೇಟಿಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಾನು ಮನೆಯ ಬಗ್ಗೆ ಕೇಳಿದೆ, ಅಮ್ಮನ ಬಗ್ಗೆ ಕೇಳಿದೆ, ಗೆಳತಿಯರ ಬಗ್ಗೆ ಕೇಳಿದೆ. ‘ಬೇರೆಯವರ ಮೇಲೆ ನಂಬಿಕೆ ಕಡಿಮೆಯೇ?’ ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಈಗ ಆ ಸಾಲು ಓದಿದರೆ ಬೇಸರವಾಗುತ್ತದೆ. ಕೋಚ್ ಸ್ವಾರ್ಥ ಅಂದದ್ದನ್ನೇ ನಾನು ಸ್ವಲ್ಪ ಮೃದುವಾದ ಮಾತಿನಲ್ಲಿ ಬರೆದಿದ್ದೆ, ಅಷ್ಟೇ.

ಮೂರನೇ ಭೇಟಿಯ ದಿನ ಮಾತು ಮುಂದೆ ಹೋಗಲಿಲ್ಲ. ಸುಮ್ನೆ ಕೂತಿದ್ದಳು. ಮೇಜಿನ ಮೇಲೆ ಟೀ ಕುಡಿದ ಸ್ಟೀಲ್ ಲೋಟಗಳಿದ್ದವು. ಬೇರೇನೂ ತೋಚದೆ, ‘ನಿನ್ನೆ ಏನಾಯ್ತು ಅಂತ ಇವುಗಳಲ್ಲಿ ತೋರಿಸ್ತೀಯಾ? ನಂಗೆ ಹಾಕಿ ಅಷ್ಟು ಗೊತ್ತಿಲ್ಲ’ ಅಂದೆ. ಅವಳ ಕಣ್ಣು ಅರಳಿತು. ಒಂದು ಲೋಟ ತಾನು, ಎರಡು ಲೋಟ ಡಿಫೆಂಡರ್‌ಗಳು, ನನ್ನ ಪೆನ್ನಿನ ಮುಚ್ಚಳ ಬಾಲ್. ಬೆರಳನ್ನು ನೀರಿನಲ್ಲಿ ಅದ್ದಿ ಮೇಜಿನ ಮೇಲೆ ಅರ್ಧ ಸುತ್ತಿನ ಗೆರೆ ಎಳೆದಳು. ಅದು ‘ಡಿ’. ಗೋಲಿನಿಂದ 14.63 ಮೀಟರ್ ದೂರದ ಗೆರೆ. ಅದರೊಳಗೆ ದಾಳಿ ಮಾಡುವ ತಂಡದವರು ಬಾಲ್ ಮುಟ್ಟಿದರೆ ಮಾತ್ರ ಗೋಲ್ ಲೆಕ್ಕಕ್ಕೆ ಬರುತ್ತದೆ ಅಂತ ಅವಳೇ ನನಗೆ ಹೇಳಿಕೊಟ್ಟಳು. ಬಾಲ್ ಹಿಡಿದು ಹೋದ ದಾರಿಯನ್ನು ಒಂದೊಂದು ಹೆಜ್ಜೆಯಾಗಿ ತೋರಿಸಿದಳು. ಎಡಕ್ಕೆ ತೋರಿಸಿ ಬಲಕ್ಕೆ ಎಳೆದದ್ದು, ರಿವರ್ಸ್ ಸ್ಟಿಕ್ಕಿನಲ್ಲಿ ತಡೆದದ್ದು, ಎಲ್ಲ.

‘ಇಲ್ಲಿ ಕೋಚ್ ಸರ್ ಪಾಸ್ ಅಂತ ಕೂಗಿದ್ರು’ ಅಂದಳು. ‘ಕೊಡಬಹುದಿತ್ತಾ?’ ಅಂತ ಕೇಳಿದೆ. ‘ಹೂಂ’ ಅಂತ ಮುಚ್ಚಳವನ್ನು ಗೆಳತಿಯ ಜಾಗದಲ್ಲಿಟ್ಟ ಇನ್ನೊಂದು ಲೋಟದ ಹತ್ತಿರ ತಳ್ಳಿದಳು. ಆಮೇಲೆ ತನ್ನ ಲೋಟವನ್ನು ಹಿಡಿದುಕೊಂಡೇ ಕೂತಳು. ಅದನ್ನು ಎತ್ತಲೂ ಇಲ್ಲ, ಸರಿಸಲೂ ಇಲ್ಲ. ನಾನು ಕಾದೆ.

‘ಬಾಲ್ ಕೊಟ್ಟ ಮೇಲೆ ನಾನೇನು ಮಾಡ್ಬೇಕು ಮೇಡಂ? ಅದನ್ನ ಯಾರೂ ಹೇಳ್ಲಿಲ್ಲ.’

ಅವಳು ಅಳುತ್ತಿರಲಿಲ್ಲ, ದೂರುತ್ತಲೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಊರಿನ ಆಟದಲ್ಲಿ ಬಾಲ್ ಕೊಟ್ಟರೆ ಅವಳ ಸರದಿ ಮುಗಿಯಿತು ಅಂತ ಅರ್ಥ. ಅಲ್ಲಿ ಎಲ್ಲರೂ ಹೀಗೇ ಆಡುತ್ತಿದ್ದರು, ಬಾಲ್ ಸಿಕ್ಕವರು ಓಡುತ್ತಿದ್ದರು. ಇಲ್ಲಿ ಮೂರು ತಿಂಗಳಿಂದ ‘ಪಾಸ್ ಮಾಡು’ ಅನ್ನುವುದನ್ನು ಕೇಳುತ್ತಲೇ ಇದ್ದಳು. ಪಾಸಿನ ನಂತರ ಖಾಲಿ ಜಾಗಕ್ಕೆ ಓಡಬೇಕು, ವಾಪಸ್ ಬರುವ ಬಾಲಿಗೆ ಸ್ಟಿಕ್ ಸಿದ್ಧ ಇಟ್ಟುಕೊಳ್ಳಬೇಕು, ಬಾಲ್ ಬರದಿದ್ದರೂ ಆ ಓಟಕ್ಕೆ ಒಬ್ಬ ಡಿಫೆಂಡರ್ ಹಿಂದೆ ಬರುತ್ತಾಳೆ, ಗೆಳತಿಗೆ ದಾರಿ ತೆರೆಯುತ್ತದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಕೋಚ್‌ಗೆ ಅದು ಹೇಳಿಕೊಡಬೇಕಾದ ವಿಷಯ ಅಂತ ಅನ್ನಿಸಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದರು. ಅವಳಿಗೆ ಗೊತ್ತಿಲ್ಲದ್ದನ್ನು ನಾವೆಲ್ಲ ಸೇರಿ ಅವಳ ಗುಣ ಅಂತ ಹೆಸರಿಟ್ಟಿದ್ದೆವು.

ಇನ್ನೊಂದು ಸಂಗತಿಯೂ ಅದೇ ದಿನ ಹೊರಬಂತು. ಪಂದ್ಯದಲ್ಲಿ ಐದಾರು ನಿಮಿಷಕ್ಕೆಲ್ಲ ಅವಳನ್ನು ಹೊರಗೆ ಕರೆಯುತ್ತಿದ್ದರು. ಅದನ್ನು ಅವಳು ಶಿಕ್ಷೆ ಅಂತ ತಿಳಿದಿದ್ದಳು. ಈಗಿನ ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಎದುರಾಳಿ ಬಾಲ್ ಹಿಡಿದ ಕೂಡಲೇ ಮೊದಲು ಓಡಿ ತಡೆಯಬೇಕಾದವರೇ ಫಾರ್ವರ್ಡ್‌ಗಳು. ಹಾಗಾಗಿ ಅವರಿಗೇ ಬೇಗ ಸುಸ್ತಾಗುತ್ತದೆ. 15 ನಿಮಿಷದ ಕ್ವಾರ್ಟರಿನಲ್ಲಿ ಅವರನ್ನು ಒಳಗೆ ಹೊರಗೆ ಮಾಡುವುದು ಮಾಮೂಲು. ಇದನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ: ಇದೇ ಪ್ರಶ್ನೆಯನ್ನು ಹೋಗಿ ಕೋಚ್ ಹತ್ತಿರ ಕೇಳು. ಉತ್ತರ ಅವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಅವಳಿಗೆ ಭಯ. ಅವತ್ತು ಅರ್ಧ ಗಂಟೆ ಬರೀ ಕೇಳುವುದನ್ನೇ ಅಭ್ಯಾಸ ಮಾಡಿದೆವು. ನಾನು ಕೋಚ್ ಆದೆ, ಅವಳು ಅವಳೇ. ‘ಸರ್, ಪಾಸ್ ಕೊಟ್ಟ ಮೇಲೆ ಎಲ್ಲಿಗೆ ಓಡ್ಲಿ?’ ಏಳೆಂಟು ಸಲ ಹೇಳಿದ ಮೇಲೆ ದನಿ ಗಟ್ಟಿಯಾಯಿತು. ನಾನೇ ಕೋಚ್‌ಗೆ ಫೋನ್ ಮಾಡಿ ಹೇಳಿದ್ದರೆ ಬೇಗ ಆಗುತ್ತಿತ್ತು ಅಂತ ಒಬ್ಬ ಸಹೋದ್ಯೋಗಿ ಆಮೇಲೆ ಅಂದರು. ಆಗುತ್ತಿತ್ತು. ಆದರೆ ಮುಂದಿನ ಸಲ ಗೊತ್ತಿಲ್ಲದ್ದು ಎದುರಾದಾಗ ಅವಳು ಮತ್ತೆ ಊಟ ಬಿಡುತ್ತಿದ್ದಳು.

ಎರಡನೆಯದು, ಡ್ರಿಬ್ಲಿಂಗ್, ಅಂದರೆ ಬಾಲನ್ನು ಸ್ಟಿಕ್ಕಿನಲ್ಲಿ ಆಡಿಸುತ್ತಾ ಎದುರಾಳಿಯನ್ನು ದಾಟುವುದನ್ನು ಬಿಡಬೇಡ ಅಂದೆ. ಇದಕ್ಕೆ ನನ್ನನ್ನು ಪ್ರಶ್ನಿಸಿದವರಿದ್ದಾರೆ. ಆಟ ಗೊತ್ತಿಲ್ಲದ ನಾನು ಆಟದ ಶೈಲಿಯ ಬಗ್ಗೆ ಯಾಕೆ ಬಾಯಿ ಹಾಕಬೇಕು ಅಂತ. ನಾನು ಹೇಳಿದ್ದು ಆಟದ ಮಾತಲ್ಲ. ಅಜ್ಜ ಕಲಿಸಿದ್ದು, ಊರು ಎದ್ದು ನಿಂತು ಮೆಚ್ಚಿದ್ದು ತಪ್ಪು ಅಂತ ಒಂದು ಮಗು ನಂಬಿಬಿಟ್ಟರೆ ಅವಳು ಸ್ಟಿಕ್ ಕೆಳಗಿಡುತ್ತಾಳೆ. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ. ದಿನಕ್ಕೆ ಇಪ್ಪತ್ತು ನಿಮಿಷ ಒಬ್ಬಳೇ, ಮನಸ್ಸಿಗೆ ಬಂದ ಹಾಗೆ ಆಡು ಅಂದೆ. ಕೋಚ್ ಇದಕ್ಕೆ ಒಪ್ಪಿದರು, ನನಗಿಂತ ಒಳ್ಳೆಯ ಕಾರಣವನ್ನೂ ಕೊಟ್ಟರು. ಡಿ ಒಳಗೆ ಹೀಗೆ ನುಗ್ಗುವ ಹುಡುಗಿ ಬೇಕೇ ಬೇಕು, ಬಾಲ್ ಡಿಫೆಂಡರ್ ಕಾಲಿಗೆ ತಾಗಿದರೂ ಪೆನಾಲ್ಟಿ ಕಾರ್ನರ್, ಅಂದರೆ ಗೋಲ್ ಹೊಡೆಯಲು ಒಂದು ಒಳ್ಳೆಯ ಅವಕಾಶ ಸಿಗುತ್ತದೆ ಅಂದರು. ‘ಡಿ ಹೊರಗೆ ಬೇಗ ಕೊಡು, ಒಳಗೆ ನಿನ್ನಿಷ್ಟ’ ಅನ್ನುವುದು ಅವರಿಬ್ಬರ ಒಪ್ಪಂದವಾಯಿತು. ‘ಸ್ವಾರ್ಥಿ’ ಅನ್ನುವ ಮಾತು ಬೇಡ, ಕಾಲು ಎಲ್ಲಿಗೆ ಹೋಗಬೇಕು ಅಂತ ಹೇಳಿ ಅಂತಲೂ ಅವರಲ್ಲಿ ಕೇಳಿಕೊಂಡೆ. ‘ಈಗಿನ ಮಕ್ಕಳಿಗೆ ಏನೂ ಅನ್ನೋ ಹಾಗಿಲ್ಲ’ ಅಂದರು. ಬೈಯಿರಿ ಸರ್, ಆದರೆ ತಿದ್ದಿಕೊಳ್ಳಲು ಆಗುವಂಥದ್ದಕ್ಕೆ ಬೈಯಿರಿ ಅಂದೆ. ನಗಲಿಲ್ಲ, ಆದರೆ ಆ ಮಾತು ಮತ್ತೆ ಬಳಸಲಿಲ್ಲ.

ಕೊನೆಯ ಸಲಹೆ ಅಪ್ಪನಿಗೆ. ಪ್ರತಿ ರಾತ್ರಿ ಫೋನಿನಲ್ಲಿ ಅವರ ಮೊದಲ ಪ್ರಶ್ನೆ ‘ಎಷ್ಟು ಗೋಲ್ ಮಗಾ?’ ಪ್ರೀತಿಯಿಂದಲೇ ಕೇಳುತ್ತಿದ್ದರು. ನಾನು ಅವರಿಗೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಲೆಕ್ಕ ಹೇಳಿದೆ. 2021ರಲ್ಲಿ ನಿವೃತ್ತರಾಗುವವರೆಗೆ ಭಾರತಕ್ಕೆ 264 ಪಂದ್ಯ, 72 ಗೋಲ್. ಅಷ್ಟು ದೊಡ್ಡ ಫಾರ್ವರ್ಡ್‌ನ ಹೆಚ್ಚಿನ ಪಂದ್ಯಗಳು ಗೋಲಿಲ್ಲದೆ ಮುಗಿದಿವೆ. ಆ ದಿನಗಳಲ್ಲಿ ಅವರು ಓಡಿದ್ದು, ಬೇರೆಯವರಿಗೆ ಜಾಗ ಮಾಡಿಕೊಟ್ಟದ್ದು ಯಾರೂ ಫೋನಿನಲ್ಲಿ ಕೇಳುವ ವಿಷಯವಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಏನು ಕೇಳ್ಲಿ?’ ಅಂದರು. ‘ಇವತ್ತು ಏನು ಹೊಸದು ಕಲಿತೆ ಅಂತ ಕೇಳಿ. ಇಲ್ಲಾಂದ್ರೆ ಊಟ ಆಯ್ತಾ ಅಂತ ಕೇಳಿ, ಸಾಕು’ ಅಂದೆ.

ಆ ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ದೇಚುವಿಗೆ ಜಾಗ ಸಿಗಲಿಲ್ಲ. ಎರಡು ದಿನ ಅತ್ತಳು. ಮೂರನೇ ದಿನ ಟರ್ಫಿಗೆ ಹೋದಳು.

ಬೇಸಿಗೆಯಲ್ಲಿ ಕೌಟುಂಬಿಕ ಹಾಕಿ ಮುಗಿಸಿಕೊಂಡು ಬಂದಾಗ ನನ್ನನ್ನು ನೋಡಲು ಬಂದಿದ್ದಳು. ಒಂದು ದೂರು ತಂದಿದ್ದಳು. ‘ಚಿಕ್ಕಪ್ಪನಿಗೆ ಬಾಲ್ ಕೊಟ್ಟು ಓಡ್ದೆ ಮೇಡಂ. ಒಂದ್ಸಲ ಅಲ್ಲ, ಐದು ಸಲ. ವಾಪಸ್ ಕೊಡ್ಲೇ ಇಲ್ಲ.’ ಪಂದ್ಯ ಸೋತರಂತೆ. ಮನೆಗೆ ಬಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕಡಂಬುಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಎಲ್ಲರ ಲೋಟ ಇಸಿದುಕೊಂಡು, ನೀರಿನಲ್ಲಿ ಗೆರೆ ಎಳೆದು ಚಿಕ್ಕಪ್ಪನಿಗೆ ತೋರಿಸಿದಳಂತೆ.