ಇವತ್ತು ಯಾವ ವಾರ, ಅಪ್ಪಾ?

(ಗುರುತು ಸಿಗದ ಹಾಗೆ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತಂದೆಯ ವಿಷಯಕ್ಕೆ ಸಲಹೆ ಕೇಳಲು ಕುಶಾಲನಗರದಿಂದ ನನ್ನ ಬಳಿ ಬಂದ ಮಗಳ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ತಂದೆ ಯಾವ ದಿನ ಯಾವ ಪದ ಮರೆತರು ಅನ್ನುವ ಪಟ್ಟಿ. ಇಕ್ಕಳಕ್ಕೆ "ಅದು" ಅಂದರು, ಪಕ್ಕದ ಮನೆಯವರ ಹೆಸರು ಬರಲಿಲ್ಲ, ಹೀಗೆ ಪುಟ ತುಂಬ. "ಮಾತು ತೀರಾ ಕಮ್ಮಿ ಆಗಿದೆ. ಮರೆವಿನ ಕಾಯಿಲೆನೇ ಅಲ್ವಾ ಮೇಡಂ?" ಅಂದರು.

ತಂದೆಗೆ 74. ಸುಂಟಿಕೊಪ್ಪ ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಆಳುಗಳಿಗೆ ಕೆಲಸ ಹಂಚುವುದು, ವಾರದ ಬಟವಾಡೆ, ಎಲ್ಲ ಅವರದೇ. ಮನೆಯಲ್ಲಿ ಕನ್ನಡ, ಮಾಲೀಕರ ಜೊತೆ ಕೊಡವ ತಕ್ಕ್, ಲೈನ್‌ಮನೆಗಳಲ್ಲಿದ್ದ ತೋಟದ ಆಳುಗಳ ಜೊತೆ ತಮಿಳು, ಮಲಯಾಳ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದರು. ಮಗಳು, ಅಳಿಯ ಇಬ್ಬರಿಗೂ ಕೆಲಸ. ಮೊಮ್ಮಗ ಹಾಸ್ಟೆಲಿನಲ್ಲಿ. ಅಂದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಟಿವಿ ಒಂದೇ ಜೊತೆ.

ಇಲ್ಲೇ ನನ್ನ ಮೊದಲ ಪ್ರಶ್ನೆ ಇರುತ್ತದೆ. ಹಿರಿಯರ ಮಾತು ಕಮ್ಮಿ ಆಯಿತು ಅನ್ನುವ ಮೊದಲು, ಅವರ ಜೊತೆ ಮಾತಾಡುವವರು ಎಷ್ಟು ಜನ ಕಮ್ಮಿ ಆದರು ಅಂತ ಲೆಕ್ಕ ಹಾಕಿ.

ಇನ್ನೊಂದು ಸಂಗತಿ ಕೆದಕಿದಾಗ ಹೊರಬಂತು. ಮೊಬೈಲಿನಲ್ಲಿ ಏನೋ ನೋಡಿ ಹೆದರಿದ ಮಗಳು, ಊಟಕ್ಕೆ ಕೂತಾಗೆಲ್ಲ ತಂದೆಗೆ ಪರೀಕ್ಷೆ ಇಡುತ್ತಿದ್ದರು. ಇವತ್ತು ಯಾವ ವಾರ ಅಪ್ಪಾ? ಪ್ರಧಾನಿ ಯಾರು? ನೂರರಿಂದ ಏಳೇಳು ಕಳೆಯಿರಿ ನೋಡೋಣ. ಅವರು ಊಟ ಮುಗಿಸಿ ಎದ್ದು ಹೋಗಲು ಶುರುಮಾಡಿದರು. ನಾನಾದರೂ ಏಳುತ್ತಿದ್ದೆ.

ತಂದೆಯನ್ನು ಒಬ್ಬರನ್ನೇ ಕೂರಿಸಿಕೊಂಡೆ. ವಾರ, ತಾರೀಖು ಕೇಳಲಿಲ್ಲ. "ಕೊಯ್ಲಿನ ಒಂದು ದಿನ ಬೆಳಿಗ್ಗೆಯಿಂದ ಹೇಗಿರುತ್ತಿತ್ತು, ಹೇಳಿ ಸರ್" ಅಂದೆ. ಆರಂಭ ನಿಧಾನ. ಪಲ್ಪರ್ ಅನ್ನುವ ಪದ ಸಿಗಲಿಲ್ಲ. "ಅದೇ ಮೇಡಂ, ಹಣ್ಣಿನ ಸಿಪ್ಪೆ ತೆಗೆಯುವ ಮಿಷನ್ನು, ಹಿಡಿ ತಿರುಗಿಸೋದು" ಅಂತ ಕೈಯಲ್ಲೇ ತಿರುಗಿಸಿ ತೋರಿಸಿದರು. ಕಥೆ ಕಣದ ಹತ್ತಿರ ಬಂದಾಗ, ಕೇಳದೆಯೇ "ಹಾಂ, ಪಲ್ಪರ್!" ಅಂತ ನಕ್ಕರು. ಹೀಗೆ ಪದ ತಪ್ಪಿದರೂ ಸುತ್ತುಬಳಸಿ ದಾರಿ ಕಂಡುಕೊಳ್ಳುವುದು, ತಪ್ಪಿದ್ದು ತನಗೇ ಗೊತ್ತಾಗುವುದು ಒಳ್ಳೆಯ ಲಕ್ಷಣ. ಹೆಸರುಗಳು, ವಸ್ತುಗಳ ಪದಗಳು ನಾಲಿಗೆ ತುದಿಯಲ್ಲಿ ನಿಲ್ಲುವುದು ವಯಸ್ಸಾದವರಲ್ಲಿ ಮಾಮೂಲು.

ಟೊರಾಂಟೊದ ಸಂಶೋಧಕರು 18ರಿಂದ 90 ವಯಸ್ಸಿನ 125 ಆರೋಗ್ಯವಂತರ ಮಾತನ್ನು ಧ್ವನಿಮುದ್ರಿಸಿ ನೋಡಿದರು. ಪದಕ್ಕಾಗಿ ಎಷ್ಟು ತಡವರಿಸುತ್ತಾರೆ ಅನ್ನುವುದಕ್ಕಿಂತ, ಒಟ್ಟಾರೆ ಎಷ್ಟು ವೇಗವಾಗಿ ಮಾತಾಡುತ್ತಾರೆ ಅನ್ನುವುದೇ ಮಿದುಳಿನ ಚುರುಕಿಗೆ ಹತ್ತಿರದ ಸೂಚನೆ ಅಂತ ಅವರಿಗೆ ಕಂಡಿತು. ಅಂದಮಾತ್ರಕ್ಕೆ ಹುಟ್ಟಾ ನಿಧಾನವಾಗಿ ಮಾತಾಡುವವರಿಗೆ ಕಾಯಿಲೆ ಅಂತಲ್ಲ. ಅವರವರ ಹಳೆಯ ಮಾತಿನ ಜೊತೆಗೇ ಹೋಲಿಸಬೇಕು. ಹಾಗಾಗಿ ಆ ನೋಟ್‌ಬುಕ್ಕಿನಿಂದ ಪ್ರಯೋಜನ ಕಡಿಮೆ. ಮಾತಿನ ಹರಿವು ಮೊದಲಿಗಿಂತ ಬದಲಾಗಿದೆಯೇ? ಹೇಳಲು ಹೊರಟದ್ದು ಕೊನೆ ಮುಟ್ಟುತ್ತದೆಯೇ? ಹತ್ತು ನಿಮಿಷದ ಹಿಂದೆ ಹೇಳಿದ್ದನ್ನೇ ಹೊಸದೆಂಬಂತೆ ಹೇಳುತ್ತಾರೆಯೇ? ನೋಡಬೇಕಾದದ್ದು ಇದನ್ನು.

ನನಗೆ ಸಂಶಯ ಬಂದದ್ದು ಬೇರೆ ಕಡೆ. "ನಿಮ್ಮ ಕಡೆ ಮಳೆ ಹೇಗೆ?" ಅಂದರೆ "ಮನೆ ಚೆನ್ನಾಗಿದೆ, ಎರಡು ರೂಮು" ಅಂದರು. ಸ್ವಲ್ಪ ಜೋರಾಗಿ, ಮುಖ ನೋಡಿ ಕೇಳಿದೆ. ಸರಿಯಾದ ಉತ್ತರ ಬಂತು. ಫೋನ್ ಎತ್ತುವುದನ್ನು ಬಿಟ್ಟದ್ದೂ ಇದಕ್ಕೇ. ಕಿವಿ ಮಂದವಾದರೆ ಉತ್ತರ ಎಡವಟ್ಟಾಗುತ್ತದೆ, ನೋಡುವವರಿಗೆ ಬುದ್ಧಿ ಮಂಕಾದಂತೆ ಕಾಣುತ್ತದೆ. ಸುಮ್ನೆ ಬಿಡುವ ವಿಷಯವೂ ಅಲ್ಲ. ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ದಾರಿಮಾಡಿಕೊಡುವ, ಆದರೆ ನಾವು ಸರಿಪಡಿಸಬಹುದಾದ 14 ಅಂಶಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿತು. ಕಿವಿ ಕೇಳಿಸದಿರುವುದು ಅದರಲ್ಲೊಂದು.

ಆದರೂ ಒಂದು ಕಥೆಯನ್ನು ಅವರು ನನ್ನೆದುರೇ ಎರಡು ಸಲ ಹೇಳಿದರು, ಗೊತ್ತಾಗದೆ. ಅದನ್ನು ಮಗಳಿಂದ ಮುಚ್ಚಿಡಲಿಲ್ಲ. ಕಾಯಿಲೆ ಹೌದೋ ಅಲ್ಲವೋ ಹೇಳುವುದು ನನ್ನ ಕೆಲಸವಲ್ಲ, ವೈದ್ಯರದು.

ಕೊಟ್ಟ ಸಲಹೆ ಇಷ್ಟು. ಊಟದ ಹೊತ್ತಿನ ಪರೀಕ್ಷೆ ಇವತ್ತೇ ನಿಲ್ಲಲಿ. ಮೊದಲು ಕಿವಿ ತೋರಿಸಿ. ಆಮೇಲೆ ರಕ್ತ ಪರೀಕ್ಷೆ: ಥೈರಾಯ್ಡ್, ವಿಟಮಿನ್ ಬಿ12, ಸಕ್ಕರೆ. ಇವುಗಳಲ್ಲಿ ಏರುಪೇರಾದರೂ ಮರೆವು, ಮಂಕು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸಬಹುದು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ನಿದ್ರೆ ಮಾತ್ರೆ, ಅಂಗಡಿಯಲ್ಲಿ ಕೊಂಡ ಶೀತದ ಮಾತ್ರೆ ಕೂಡ. ಹೆಂಡತಿ ಹೋದ ದುಃಖ ಖಿನ್ನತೆಗೆ ತಿರುಗಿದೆಯೇ ಅಂತಲೂ ವೈದ್ಯರನ್ನು ಕೇಳಿ. ನೆನಪಿನ ತಪಾಸಣೆಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಯೋಜನೆಯಲ್ಲಿ ಡಿಮೆನ್ಷಿಯಾವೂ ಸೇರಿದೆ. ಮಾತು ಇದ್ದಕ್ಕಿದ್ದ ಹಾಗೆ ತೊದಲಿದರೆ, ಬಾಯಿ ಸೊಟ್ಟಗಾದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು, ಒಂದೊಂದು ನಿಮಿಷವೂ ಮುಖ್ಯ, ನೇರ ಆಸ್ಪತ್ರೆಗೆ.

ಮನೆಯಲ್ಲಿ ಮಾತಾಡುವ ರೀತಿಯೂ ಬದಲಾಗಬೇಕು. ಪದ ಸಿಗದಾಗ ತಕ್ಷಣ ಎತ್ತಿಕೊಡಬೇಡಿ, ಸ್ವಲ್ಪ ಕಾಯಿರಿ. ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆ ಬೇಡ, ಗೊತ್ತಿಲ್ಲದ್ದನ್ನು ಕೇಳಿ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಾಗ ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ ಅರ್ಧ ಗಂಟೆ ನಿಮ್ಮದಲ್ಲ! ವಾರಕ್ಕೊಮ್ಮೆ ಹಳೆಯ ತೋಟದ ಕಡೆ ಕರೆದುಕೊಂಡು ಹೋಗಿ, ತಮಿಳು, ಮಲಯಾಳ ಮತ್ತೆ ನಾಲಿಗೆಗೆ ಬರಲಿ. ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಕೊಡಗಿನಲ್ಲಿ ಮೂರ್ನಾಲ್ಕು ಭಾಷೆ ಆಡುವುದನ್ನು ನಾವು ದೊಡ್ಡದೆಂದು ಎಣಿಸುವುದೇ ಇಲ್ಲ. ಹಾಗಂತ ಭಾಷೆ ಬಂದರೆ ಕಾಯಿಲೆ ಬರುವುದೇ ಇಲ್ಲ ಅಂದುಕೊಳ್ಳುವುದೂ ಬೇಡ.

ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ತೆಗೆದ ಮೇಲೂ ಬಲಗಿವಿ ಮಂದ, ಶ್ರವಣ ಸಾಧನ ಹಾಕಿದರು. ಬಿ12 ಕಡಿಮೆಯಿತ್ತು, ಇಂಜೆಕ್ಷನ್ ಶುರುವಾಯಿತು. ನೆನಪಿನ ತಪಾಸಣೆಯಲ್ಲಿ ಸ್ವಲ್ಪ ಕೊರತೆ ಕಂಡಿದೆ. ಡಿಮೆನ್ಷಿಯಾ ಅನ್ನುವ ಹಂತವಲ್ಲ, ಆರು ತಿಂಗಳ ನಂತರ ಮತ್ತೆ ನೋಡಬೇಕು ಅಂದಿದ್ದಾರೆ ವೈದ್ಯರು.

ಅಷ್ಟರ ತನಕ ಎರಡು ತಿಂಗಳಿಗೊಮ್ಮೆ ಅವರ ಮಾತನ್ನು ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ ಅಂದೆ. ಕದ್ದು ಬೇಡ, ಯಾಕೆಂದು ಹೇಳಿಯೇ ಮಾಡಿ. ಮಗಳಿಗೆ ಅಳುಕಿತ್ತು, ಬೇಜಾರು ಮಾಡಿಕೊಂಡರೆ ಅಂತ. ತಂದೆ ಸಲೀಸಾಗಿ ಒಪ್ಪಿದರು. ಮಧ್ಯದಲ್ಲಿ ಮಗಳು ಬಾಯಿ ಹಾಕಬಾರದು, ಅಷ್ಟೇ ಅವರ ಷರತ್ತು.